ಪಾಲಿಗೆ ಕೊಟ್ಟ ಆಡು ಜರ್ಮನಿಗೆ ಹೋದದ್ದು

ರಾಯಚೂರು ಸ್ಟೇಷನ್

ಪರದೇಶಕ್ಕೆ ಹೊರಟವರನ್ನು ಕಳಿಸಲು ಬರುವವರು ಹೂವಿನ ಹಾರ ತರುತ್ತಾರೆಂದು ಕೇಳಿದ್ದೆ. ನಮ್ಮನ್ನು ಕಳಿಸಲು ಬಂದ ತಾಯಮ್ಮ ತಂದದ್ದು ಒಂದು ಚೀಲ ಕಡಕ್ ರೊಟ್ಟಿ, ಎರಡು ಡಬ್ಬಿ ಶೇಂಗಾ ಹಿಂಡಿ, ಬಟ್ಟೆಯಲ್ಲಿ ಕಟ್ಟಿದ ಒಣ ಮೆಣಸಿನಕಾಯಿ. ದೇವದುರ್ಗ ತಾಲೂಕಿನ ಮಸರಕಲ್‌ನಿಂದ ಮೊದಲ ಬಸ್ಸು ಹಿಡಿದು ಬಂದಿದ್ದರು. ಚೀಲವನ್ನು ಮಗಳು ರೇಣುಕಾಳಿಗೆ ಕೊಡದೆ ನನ್ನ ಕೈಗೆ ಕೊಟ್ಟು, "ಮೇಡಂ, ಈಕಿಗೆ ಹೊಟ್ಟಿ ಚಿಂತಿ ಇಲ್ಲ. ಮುಂದ ಕುಂತು ಉಣ್ಣಸ್ರಿ," ಎಂದರು. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಆ ಮೆಣಸಿನಕಾಯಿಯ ಗಂಟನ್ನು ಮೂಸಿ ನೋಡಿ ಸೀನುತ್ತಾ ಕೂತದ್ದನ್ನು ಬಿಟ್ಟರೆ ದಾರಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ.

ನಾನು ಮಾನ್ವಿಯಲ್ಲಿ ಹುಟ್ಟಿ, ರಾಯಚೂರಿನ ಒಂದು ಕಾನೂನು ಕಾಲೇಜಿನಲ್ಲಿ ಪಾಠ ಹೇಳುವವಳು. ರೇಣುಕಾ ನನ್ನ ವಿದ್ಯಾರ್ಥಿನಿ. ಮೂರು ವರ್ಷದ ಎಲ್‌ಎಲ್‌ಬಿಯಲ್ಲಿ ಎರಡು ಮುಗಿಸಿದ್ದಳು. ಯಾವ ಸೆಕ್ಷನ್ ಕೇಳಿದರೂ ಅಲ್ಪವಿರಾಮ ಸಮೇತ ಒಪ್ಪಿಸುತ್ತಾಳೆ. ಆದರೆ ಅದೇ ಅವಳಿಗೆ ಮುಳುವಾಯಿತು. ರಜೆಯಲ್ಲಿ ದೇವದುರ್ಗದ ಹಿರಿಯ ವಕೀಲರೊಬ್ಬರ ಹತ್ತಿರ ಕೆಲಸ ಕಲಿಯಲು ಹೋಗಿದ್ದಳು. ಒಬ್ಬ ಕಕ್ಷಿದಾರ ಬಂದು ತನ್ನ ಗೋಳು ಹೇಳಿಕೊಂಡ. ವಕೀಲರು ಇವಳ ಕಡೆ ತಿರುಗಿ, "ಹೇಳವಾ, ಈ ಮನಷ್ಯಾಗ ನಾವೇನು ಮಾಡಬೇಕು?" ಎಂದರು. ಇವಳು ಒಂದು ಸೆಕ್ಷನ್ ಒಪ್ಪಿಸಿದಳು. "ಅದು ಪುಸ್ತಕದಾಗ ಅದ. ಈತಗ ಏನು ಮಾಡೋಣು?" ಎಂದರು. ಇವಳು ಇನ್ನೊಂದು ಸೆಕ್ಷನ್ ಒಪ್ಪಿಸಿದಳು. ಕೋಣೆಯಲ್ಲಿದ್ದವರೆಲ್ಲ ನಕ್ಕರಂತೆ, ಕಕ್ಷಿದಾರನೂ ಸೇರಿ.

ಮರುದಿನವೇ ಕಾಲೇಜಿಗೆ ಬಂದು, "ಮೇಡಂ, ವಕೀಲಕಿ ನನ್ನ ತಲಿಗೆ ಹತ್ತೋದಲ್ಲ. ದೇವದುರ್ಗದಾಗ ಒಂದು ಸಾಲ್ಯಾಗ ಟೀಚರ್ ಕೆಲಸ ಅದ. ಸೇರತೀನಿ," ಎಂದಳು. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ನಮ್ಮ ಪದ್ಧತಿಯ ಮೇಲೆ. ಈಜು ಕಲಿಯಲು ಬಂದವರಿಗೆ ನಾವು ನೀರಿನ ವ್ಯಾಖ್ಯೆ ಬರೆಸುತ್ತೇವೆ, ಆಮೇಲೆ ಬಾವಿಗೆ ನೂಕುತ್ತೇವೆ. ಅದೇ ವಾರ ಜರ್ಮನಿಯ ಒಂದು ವಿಶ್ವವಿದ್ಯಾಲಯದಿಂದ ಕರೆ ಬಂದಿತ್ತು. ಬೇರೆ ಬೇರೆ ದೇಶಗಳ ಸಣ್ಣ ಊರುಗಳ ಕಾನೂನು ಕಾಲೇಜುಗಳಿಂದ ಒಬ್ಬ ಶಿಕ್ಷಕಿ, ಒಬ್ಬ ವಿದ್ಯಾರ್ಥಿನಿ ಬಂದು, ನಿಜಜೀವನದಂಥ ಕೇಸುಗಳನ್ನು ಬಿಡಿಸುವುದು ಹೇಗೆಂದು ಎರಡು ವಾರ ಕಲಿಯಬೇಕು. ರೇಣುಕಾಳಿಗೆ ಹೇಳಿದೆ: "ಇದೊಂದು ನೋಡಿ ಬರೋಣ. ಬಂದ ಮ್ಯಾಲೂ ಬ್ಯಾಡ ಅನಿಸಿದ್ರ ನಾನೇ ನಿನ್ನ ಆ ಸಾಲಿಗೆ ಬಿಟ್ಟು ಬರತೀನಿ." ಅವಳು ಒಪ್ಪಿದಳು. ಆದರೆ ಆ ಶಾಲೆಗೆ ಇಲ್ಲ ಎಂದೂ ಹೇಳಿರಲಿಲ್ಲ.

ಕೆಂಪು ದೀಪ

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮವರು ಮೊಬೈಲಿನಲ್ಲಿ ಹುಡುಕಿ, ನಾನು ನೋಡದ ಹತ್ತು ಜಾಗ ತೋರಿಸಿ, ಇದನ್ನೂ ನೋಡಲಿಲ್ಲವೇ ಎಂದು ಕೇಳುತ್ತಾರೆ. ನದಿಯ ದಂಡೆಯ ಹಳೇ ಊರು. ಕಲ್ಲು ಹಾಸಿದ ರಸ್ತೆಗಳು, ಎಲ್ಲೆಲ್ಲೂ ಸೈಕಲ್ಲುಗಳು. ನಾವು ಇಳಿದದ್ದು ಭಾನುವಾರ, ಒಂದು ಅಂಗಡಿಯೂ ತೆರೆದಿರಲಿಲ್ಲ. ರಾಯಚೂರಿನಲ್ಲಿ ಬಂದ್ ಇದ್ದ ದಿನವೂ ಇಷ್ಟು ಸದ್ದಡಗುವುದಿಲ್ಲ. ತಾಯಮ್ಮನ ರೊಟ್ಟಿ ಇರದಿದ್ದರೆ ಅಂದು ಇಬ್ಬರೂ ನಲ್ಲಿ ನೀರು ಕುಡಿದು ಮಲಗಬೇಕಿತ್ತು.

ಅಲ್ಲಿಯವರು ಬೇಸಿಗೆ ತಾಳಲಾರೆವೆಂದು ಗೋಳಾಡುತ್ತಿದ್ದರು. ನಾನು ಸ್ವೆಟರ್ ಹಾಕಿಕೊಂಡು ಆ ಗೋಳು ಕೇಳಿದೆ. ಇಂಥ ಬಿಸಿಲು ನಮ್ಮಲ್ಲಿ ಬಂದರೆ ಜನ ಹಪ್ಪಳ ಕೂಡ ಒಣಹಾಕುವುದಿಲ್ಲ.

ಮೊದಲ ದಿನವೇ ನನ್ನಿಂದ ಒಂದು ಎಡವಟ್ಟಾಯಿತು. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ಆದರೂ ಕೆಂಪು ದೀಪ ಕಂಡು ಒಬ್ಬ ಅಜ್ಜಿ ಕೋಲೂರಿ ನಿಂತಿದ್ದಳು. ನಾನು ನಮ್ಮೂರಿನ ರೂಢಿಯಂತೆ ಸೀರೆ ಎತ್ತಿ ಹಿಡಿದು ದಾಟಿಬಿಟ್ಟೆ. ತಿರುಗಿ ನೋಡಿದರೆ ಅಜ್ಜಿ ನನ್ನನ್ನೇ ದಿಟ್ಟಿಸುತ್ತಿದ್ದಾಳೆ. ನಾಚಿಕೆಯಾಗಿ ವಾಪಸ್ ಬಂದು ಅವಳ ಪಕ್ಕ ನಿಂತೆ. ರೇಣುಕಾ ಕಿವಿಯಲ್ಲಿ, "ಮೇಡಂ, ವಾಪಸ್ ಬರೂವಾಗೂ ದೀಪ ಕೆಂಪೇ ಇತ್ತು. ಈಗ ತಪ್ಪು ಎರಡಾದವು," ಎಂದಳು. ಈ ಹುಡುಗಿಗೆ ವಕೀಲಿಕೆ ತಲೆಗೆ ಹತ್ತುವುದಿಲ್ಲವಂತೆ.

ಹೊಲಿಗೆ ಯಂತ್ರ

ನಮಗೆ ಪಾಠ ಮಾಡಿದವರು ಪ್ರೊಫೆಸರ್ ಯುಟ್ಟಾ. ಕುಳ್ಳಗಿನ ದೇಹ, ಕತ್ತರಿಸಿದ ಬಿಳಿ ಕೂದಲು. ಬೆನ್ನಿನ ಚೀಲ ಹೊತ್ತು ಸೈಕಲ್ಲಿನಲ್ಲಿ ಬರುತ್ತಿದ್ದರು. ನಮ್ಮಲ್ಲಿ ಪ್ರೊಫೆಸರ್ ಸೈಕಲ್ಲಿನಲ್ಲಿ ಬಂದರೆ ಸಂಬಳ ನಿಂತಿದೆಯೇನೋ ಎಂದು ಜನ ಮರುಗುತ್ತಾರೆ.

ಅವರು ಕರಿಹಲಗೆಯ ಮೇಲೆ ಬರೆದದ್ದು ಒಂದೇ ಪ್ರಶ್ನೆ: ಯಾರು, ಯಾರಿಂದ, ಏನನ್ನು, ಯಾವ ಆಧಾರದ ಮೇಲೆ ಕೇಳುತ್ತಿದ್ದಾರೆ? ಅಲ್ಲಿನ ಕಾನೂನು ವಿದ್ಯಾರ್ಥಿಗೆ ಇದು ಮೊದಲ ದಿನದ ಮಗ್ಗಿಯಂತೆ. ಉತ್ತರ ಗೊತ್ತಿದ್ದರೂ ಮೊದಲೇ ಹೇಳುವಂತಿಲ್ಲ. "ಆಕೆಗೆ ಈ ಹಕ್ಕು ಇರಬಹುದು. ಇರಬೇಕಾದರೆ ಇಂತಿಂಥವು ಆಗಿರಬೇಕು. ಮೊದಲನೆಯದು ಆಗಿದೆಯೇ ನೋಡೋಣ," ಹೀಗೆ ಒಂದೊಂದೇ ಮೆಟ್ಟಿಲು ಇಳಿಯಬೇಕು. ಒಂದೇ ಘಟನೆಯನ್ನು ಸಿವಿಲ್ ಕಡೆಯಿಂದ ನೋಡಿ, ಕ್ರಿಮಿನಲ್ ಕಡೆಯಿಂದ ನೋಡಿ, ಸರ್ಕಾರದ ಜೊತೆ ವ್ಯವಹಾರವಿದ್ದರೆ ಆ ಕಡೆಯಿಂದಲೂ ನೋಡಬೇಕು. ನಮ್ಮಲ್ಲಿ ಇವು ಬೇರೆ ಬೇರೆ ಪೇಪರುಗಳು. ಸೋಮವಾರದ ಪೇಪರಿನ ಮನುಷ್ಯ ಬುಧವಾರದ ಪೇಪರಿಗೆ ಹೋಗುವುದಿಲ್ಲ.

ಮೊದಲ ಕೇಸು ಹೊಲಿಗೆ ಯಂತ್ರದ್ದು. ಒಬ್ಬ ಹೆಂಗಸು ತನ್ನ ಯಂತ್ರವನ್ನು ನೆರೆಯವಳಿಗೆ ಬಳಸಲು ಕೊಡುತ್ತಾಳೆ. ನೆರೆಯವಳು ಅದು ತನ್ನದೇ ಎಂದು ಹೇಳಿ ಒಬ್ಬ ಅಪರಿಚಿತನಿಗೆ ಮಾರುತ್ತಾಳೆ. ಅವನಿಗೆ ವಿಷಯ ಗೊತ್ತಿಲ್ಲ. ಯಂತ್ರ ಈಗ ಯಾರದು? ಎಲ್ಲರೂ ಬರೆಯತೊಡಗಿದರು. ರೇಣುಕಾ ಕೈಯೆತ್ತಿ, "ಈ ನೆರೆಯವಳಿಗೂ ಆಕೆಗೂ ಎಷ್ಟು ವರ್ಷದ ಒಡನಾಟ? ಸಂಬಂಧಿಕರೇ?" ಎಂದು ಕೇಳಿದಳು. ಕೊಟ್ಟ ಸಂಗತಿಯಲ್ಲಿ ಅದಿಲ್ಲ, ಇಲ್ಲದ್ದನ್ನು ಸೇರಿಸಬೇಡ ಎಂದು ಯುಟ್ಟಾ ಮೆತ್ತಗೆ ಹೇಳಿದರು.

ಆಮೇಲೆ ರೇಣುಕಾ ಬರೆದದ್ದನ್ನು ಓದಿ ಯುಟ್ಟಾ ಕನ್ನಡಕ ತೆಗೆದು ಒರೆಸಿಕೊಂಡರು. ಅವಳು ರಾಜಿ ಪಂಚಾಯಿತಿ ಮಾಡಿದ್ದಳು. ನೆರೆಯವಳು ಕೊಂಡವನ ದುಡ್ಡು ತಿರುಗಿಸಬೇಕು, ಯಂತ್ರ ಒಡತಿಯ ಮನೆಗೆ ಬರಬೇಕು, ತಪ್ಪಾಯಿತೆಂದು ಹಿರಿಯರ ಮುಂದೆ ಹೇಳಬೇಕು, ಕೊನೆಗೆ ಮೂವರೂ ಕೂತು ಚಹಾ ಕುಡಿಯಬೇಕು. ಚಹಾದ ವಿಷಯ ನಾನು ಸೇರಿಸಿದ್ದಲ್ಲ, ಉತ್ತರಪತ್ರಿಕೆಯಲ್ಲೇ ಇತ್ತು. "ಇದು ಬಹಳ ಸುಂದರವಾಗಿದೆ. ಆದರೆ ಯಂತ್ರ ಯಾರದು?" ಎಂದರು ಯುಟ್ಟಾ.

ಅಲ್ಲಿನ ಕಾನೂನಿನ ಪ್ರಕಾರ ಯಂತ್ರ ಕೊಂಡವನದಾಗುತ್ತದೆ. ಒಡತಿ ತಾನಾಗಿಯೇ ನೆರೆಯವಳ ಕೈಗೆ ಕೊಟ್ಟಳು. ಆ ಕೈಯನ್ನು ನಂಬಿ ಕೊಂಡವನನ್ನು ಕಾನೂನು ಕಾಯುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಇದು ಉಲ್ಟಾ: ತನ್ನದಲ್ಲದ್ದನ್ನು ಮಾರಿದವಳಿಂದ ಕೊಂಡವನಿಗೆ ಒಡೆತನ ಬರುವುದಿಲ್ಲ. ರೇಣುಕಾ ನನ್ನ ಕಡೆ ಬಗ್ಗಿ, "ಇದ್ಯಾವ ನ್ಯಾಯರೀ ಮೇಡಂ? ಕಳಕೊಂಡಾಕಿ ಬಾಯಾಗ ಮಣ್ಣು," ಎಂದಳು. ಅಷ್ಟರಲ್ಲಿ ಪಾಠ ಮುಗಿದು, ಹುಡುಗರೆಲ್ಲ ಮುಷ್ಟಿಯಿಂದ ಮೇಜು ಬಡಿಯತೊಡಗಿದರು. ಪ್ರೊಫೆಸರ್ ಮೇಲೆ ಗಲಾಟೆ ಎದ್ದಿತೆಂದು ನಾನು ರೇಣುಕಾಳನ್ನು ಎಳೆದುಕೊಂಡು ಬಾಗಿಲ ಕಡೆ ನಡೆದೆ. ಆ ಬಡಿತ ಅಲ್ಲಿನ ಚಪ್ಪಾಳೆಯಂತೆ. ಚೆನ್ನಾಗಿ ಪಾಠ ಮಾಡಿದ್ದಕ್ಕೆ ಮೆಚ್ಚುಗೆ.

ಪರೀಕ್ಷೆಯ ಕೋಣೆ

ವಾರದ ಕೊನೆಗೆ ಅಲ್ಲಿನ ವಿದ್ಯಾರ್ಥಿಗಳ ಜೊತೆ ನಮ್ಮವರಿಗೂ ಒಂದು ಅಭ್ಯಾಸ ಪರೀಕ್ಷೆ. ಮೇಲ್ವಿಚಾರಣೆಗೆ ನನ್ನನ್ನೂ ನಿಲ್ಲಿಸಿದರು. ಅರ್ಧ ದಿನ ನಡೆಯುವ ಪರೀಕ್ಷೆ, ಒಂದೇ ಕೇಸು. ಮೇಜಿನ ಮೇಲೆ ಬಾಳೆಹಣ್ಣು, ಚಾಕೊಲೇಟು, ಫ್ಲಾಸ್ಕು ಜೋಡಿಸಿಕೊಂಡು ಕೂತಿದ್ದರು. ಪರೀಕ್ಷೆಗೋ ಪಿಕ್ನಿಕ್ಕಿಗೋ ತಿಳಿಯಲಿಲ್ಲ.

ನಾನು ಸಾಲುಗಳ ನಡುವೆ ಅಡ್ಡಾಡುತ್ತಿದ್ದೆ. ಲೂಕಾಸ್ ಎಂಬ ಉದ್ದನೆಯ ಹುಡುಗ ಇಟ್ಟಿಗೆಯಂಥ ಕೆಂಪು ಪುಸ್ತಕ ತೆರೆದು, ಬೆರಳಿಟ್ಟು ಓದಿ, ಬರೆಯುತ್ತಿದ್ದಾನೆ. ಇಷ್ಟು ರಾಜಾರೋಷದ ಕಾಪಿಯನ್ನು ನನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ರಾಯಚೂರಿನಲ್ಲಿ ವರ್ಷಗಟ್ಟಲೆ ಪಳಗಿದ ಕೈ ಕೇಳುತ್ತದೆಯೇ? ಹಿಂದಿನಿಂದ ಹೋಗಿ ಪುಸ್ತಕ ಕಸಿದುಕೊಂಡು ಎದೆಗವಚಿಕೊಂಡೆ. ಇಡೀ ಕೋಣೆ ತಲೆಯೆತ್ತಿತು. ನೋಡಿದರೆ ಎಲ್ಲರ ಮೇಜಿನ ಮೇಲೂ ಅದೇ ಕೆಂಪು ಪುಸ್ತಕ. ಲೂಕಾಸ್ ಕೈಮುಗಿದಂತೆ ಮಾಡಿ, "ಮೇಡಂ, ಅದು ಕಾನೂನು. ಕಾನೂನಿಲ್ಲದೆ ಹೇಗೆ ಬರೆಯಲಿ?" ಎಂದ.

ಮಾತು ನಿಜವೇ. ವಕೀಲ ಕೋರ್ಟಿಗೆ ಪುಸ್ತಕ ಹಿಡಿದೇ ಹೋಗುತ್ತಾನೆ. ಸೆಕ್ಷನ್ ನೆನಪಿದೆಯೇ ಎಂದು ಇವರು ಕೇಳುವುದೇ ಇಲ್ಲ. ಸೆಕ್ಷನ್ ಕೈಯಲ್ಲಿದೆ, ಈಗ ಯೋಚಿಸು ಎನ್ನುತ್ತಾರೆ. ಪುಸ್ತಕವನ್ನು ಅವನ ಮೇಜಿನ ಮೇಲಿಟ್ಟು, ಕ್ಷಮೆ ಕೇಳಿ, ಉಳಿದ ಹೊತ್ತು ಕಿಟಕಿಯ ಹತ್ತಿರ ನಿಂತೆ. ಸುಮ್ಮನೆ ನಿಂತವಳಿಗೆ ಹೊಟ್ಟೆಕಿಚ್ಚಾಯಿತು. ನಮ್ಮ ಹುಡುಗರಿಗೂ ಇದು ಬೇಕೆನ್ನಿಸಿತು.

ಇನ್ನೊಂದು ಸಂಗತಿ ನನ್ನನ್ನು ಮರುಳು ಮಾಡಿತು. ಪ್ರೊಫೆಸರರ ಉತ್ತರಕ್ಕೆ ವಿರುದ್ಧವಾದ ಉತ್ತರ ಬರೆದರೂ, ಕಾರಣಗಳು ಗಟ್ಟಿಯಾಗಿದ್ದರೆ ಅಂಕ ಕೊಡುತ್ತಾರೆ. ಅದಕ್ಕೆ ಅವರದೊಂದು ಪದವಿದೆ. ನಮ್ಮ ಕೋರ್ಟುಗಳ ಭಾಷೆಯಲ್ಲಿ ಹೇಳುವುದಾದರೆ, ಈ ವಾದ ನಿಲ್ಲುತ್ತದೆ ಎಂದು ಅರ್ಥ. ಗೆಲ್ಲದಿರಬಹುದು, ಆದರೆ ನಿಲ್ಲುತ್ತದೆ.

ಹಾಸ್ಟೆಲಿನ ಅಡುಗೆಮನೆ

ಅಲ್ಲಿ ಅಂಕ ಹದಿನೆಂಟಕ್ಕೆ. ನಾಲ್ಕು ಬಂದರೆ ಪಾಸು. ಒಂಬತ್ತು ಬಂದವರು ಊರಿಗೆಲ್ಲ ಸಿಹಿ ಹಂಚುತ್ತಾರೆ. ರೇಣುಕಾಳಿಗೆ ಎರಡು ಬಂತು.

ಅಂದು ಸಂಜೆ ಅಡುಗೆಮನೆಯಲ್ಲಿ ಅವಳು ರೊಟ್ಟಿಯನ್ನು ಮುರಿಯುತ್ತಲೇ ಇದ್ದಳು, ಬಾಯಿಗೆ ಹಾಕುತ್ತಿರಲಿಲ್ಲ. "ನೋಡಿದ್ರಿಲ್ಲ ಮೇಡಂ, ಅಲ್ಲೂ ನಕ್ಕರು, ಇಲ್ಲೂ ಆಗಲಿಲ್ಲ. ಊರಿಗೆ ಹೋದ ಮ್ಯಾಲ ಸಾಲಿಗೆ ಹೇಳಿಬಿಡತೀನಿ," ಎಂದಳು.

ಇಲ್ಲಿ ಯಾರೂ ನಗಲಿಲ್ಲ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. "ಮೊದಲು ಕಾನೂನು ಓದಬೇಕು ಅಂತ ಯಾಕ ಅನಿಸಿತು ನಿನಗ?" ಎಂದು ಕೇಳಿದೆ. ಎರಡು ವರ್ಷದಲ್ಲಿ ನಾನು ಕೇಳದಿದ್ದ ಪ್ರಶ್ನೆ.

"ಒಂದು ಆಡಿನ ಸಲುವಾಗಿ," ಎಂದಳು.

ಅವಳು ಎಂಟನೇ ಇಯತ್ತೆಯಲ್ಲಿದ್ದಾಗಿನ ಮಾತು. ತಾಯಮ್ಮ ಮಾನ್ವಿಯ ಖಾಸಿಂಬಿ ಎಂಬಾಕೆಯಿಂದ ಒಂದು ಆಡನ್ನು ಪಾಲಿಗೆ ತಂದಿದ್ದರು. ಪಾಲಿಗೆ ಸಾಕುವುದೆಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು: ಆಡು ಒಡತಿಯದು, ಮೇಯಿಸಿ ಸಾಕುವ ದುಡಿತ ಇನ್ನೊಬ್ಬಳದು, ಹುಟ್ಟಿದ ಮರಿಗಳು ಇಬ್ಬರಿಗೂ ಅರ್ಧರ್ಧ. ಬರಹವಿಲ್ಲ, ಸಾಕ್ಷಿಯಿಲ್ಲ, ಮಾತೇ ಕರಾರು. ಆಡು ಎರಡು ಮರಿ ಹಾಕಿತು. ಪಾಲು ಮಾಡುವ ಮೊದಲೇ, ತಾಯಮ್ಮ ಹತ್ತಿ ಬಿಡಿಸುವ ಕೂಲಿಗೆ ಹೋಗಿದ್ದಾಗ, ಒಂದನ್ನು ನಾಯಿ ಕಚ್ಚಿ ಕೊಂದಿತು. ಖಾಸಿಂಬಿ ಬಂದು, "ಸತ್ತಿದ್ದು ನಿಂದು, ಉಳಿದಿದ್ದು ನಂದು," ಎಂದು ಆಡನ್ನೂ ಮರಿಯನ್ನೂ ಹೊಡೆದುಕೊಂಡು ಹೋದಳು. ತಾಯಮ್ಮ ಅಂದಿನಿಂದ ಯಾರ ಆಡನ್ನೂ ಪಾಲಿಗೆ ಹಿಡಿಯಲಿಲ್ಲ.

"ಸತ್ತಿದ್ದು ನಮ್ಮದು ಅಂತ ಯಾರು ಹೇಳಿದ್ರು? ಮರಿ ಮ್ಯಾಲ ಹೆಸರು ಬರದಿತ್ತೇನ? ಅದನ್ನ ಕೇಳಬೇಕು ಅಂತ ವಕೀಲಕಿ ಓದಾಕ ಬಂದೆ. ಎರಡು ವರ್ಷ ಆತು, ಯಾವ ಸೆಕ್ಷನ್ಯಾಗೂ ಆಡು ಸಿಗಲಿಲ್ಲ."

ಕೊನೆಯ ದಿನ ಪ್ರತಿ ವಿದ್ಯಾರ್ಥಿಯೂ ತನ್ನ ದೇಶದ ಒಂದು ಕೇಸನ್ನು ಕಟ್ಟಿ ತರಗತಿಯ ಮುಂದಿಡಬೇಕಿತ್ತು. ರೇಣುಕಾ ಯಾವುದೋ ದೊಡ್ಡ ತೀರ್ಪನ್ನು ಬಾಯಿಪಾಠ ಮಾಡುತ್ತಿದ್ದಳು. ಆ ಹಾಳೆಗಳನ್ನು ಕಸಿದುಕೊಂಡೆ. ಈ ಸಲ ಕಸಿದದ್ದು ಸರಿಯಾಗಿತ್ತು. "ಆಡನ್ನ ತಗೊಂಡು ಹೋಗು," ಎಂದೆ.

ಆಡು ಬಂತು

ಕರಿಹಲಗೆಯ ಮೇಲೆ ರೇಣುಕಾ ಮೊದಲು ಆಡಿನ ಚಿತ್ರ ಬರೆದಳು. ಅದು ಎಮ್ಮೆಯಂತೆ ಕಾಣುತ್ತಿತ್ತು. ಅದರ ಕೆಳಗೆ ಎರಡು ಮರಿ, ಒಂದರ ಮೇಲೆ ಕತ್ತರಿ ಗುರುತು. ತಡವರಿಸುತ್ತಾ, ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಸಂಗತಿ ಹೇಳಿದಳು. ಅದು ತನ್ನ ತಾಯಿಯ ಕಥೆಯೆಂದು ಹೇಳಲಿಲ್ಲ; ಸಾಕಿದವಳು, ಒಡತಿ ಎಂದಷ್ಟೇ ಹೇಳಿದಳು.

ಆಮೇಲೆ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಇದು ಬಾಡಿಗೆಯೇ? ಬಾಡಿಗೆಯಾದರೆ ಬಾಡಿಗೆಯ ಬದಲು ಮರಿ ಕೊಡುವುದೇ? ಕೂಲಿಯೇ? ಇಬ್ಬರ ಪಾಲುದಾರಿಕೆಯೇ? ಅವರ ಕಾನೂನಿನಲ್ಲಿ ಪ್ರಾಣಿಯ ಮರಿ ಹುಟ್ಟಿದ ಗಳಿಗೆಯಲ್ಲಿ ಯಾರದೆಂಬುದಕ್ಕೆ ಪ್ರತ್ಯೇಕ ನಿಯಮವೇ ಇದೆ. ಅದನ್ನು ಹುಡುಕಿ ಲೂಕಾಸ್ ಎದ್ದು ನಿಂತು ಓದಿದ. ಯುಟ್ಟಾ ಸುಮ್ಮನಿರದೆ, ಆಡು ಯಾರದೋ ಹೊಲ ಹೊಕ್ಕು ಪಂಚಾಯಿತಿಯವರು ಹಿಡಿದು ಕಟ್ಟಿದರೆ ಬಿಡಿಸಿಕೊಳ್ಳುವ ಹಕ್ಕು ಯಾರಿಗೆ ಎಂದು ಕೇಳಿದರು. ಮೇಯಲು ನುಗ್ಗಿದ ದನಕರುಗಳನ್ನು ಕೂಡಿಹಾಕಿ ದಂಡ ಕಟ್ಟಿಸಿಕೊಂಡು ಬಿಡುವ ನಮ್ಮ ಕೊಂಡವಾಡದ ಪದ್ಧತಿಯನ್ನು ರೇಣುಕಾ ವಿವರಿಸಿದಳು. ಜರ್ಮನಿಯ ಇಪ್ಪತ್ತು ಮಕ್ಕಳು ಕೊಂಡವಾಡ ಎಂಬ ಪದವನ್ನು ಬರೆದುಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ.

ಲೂಕಾಸ್ ಕ್ರಿಮಿನಲ್ ಕಡೆಗೆ ಹೊರಳಿದ. "ಸಾಕಿದವಳೇ ಮರಿ ಮಾರಿ, ನಾಯಿ ಕೊಂದಿತು ಎಂದು ಹೇಳಿದ್ದರೆ?" ರೇಣುಕಾಳ ಮುಖ ಕೆಂಪೇರಿತು. ಇಂಗ್ಲಿಷ್ ಮರೆತು, "ಅಕಿ ಹಂತಾಕಿ ಅಲ್ಲ," ಎಂದಳು. ಯಾರಿಗೂ ಅರ್ಥವಾಗಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ಯುಟ್ಟಾ ಲೂಕಾಸ್‌ನನ್ನು ತಡೆದರು. ಕೊಟ್ಟ ಸಂಗತಿಯಲ್ಲಿ ನಾಯಿ ಕೊಂದಿದೆ, ಅದನ್ನು ತಿರುಚುವಂತಿಲ್ಲ. ಆಮೇಲೆ ರೇಣುಕಾಳ ಕಡೆ ತಿರುಗಿ, "ಇಷ್ಟು ಹೊತ್ತು ನೀನು ಸಾಕಿದವಳ ಪರವಾಗಿ ಹೇಳಿದೆ. ಈಗ ಒಡತಿಯ ಪರವಾಗಿ ಹೇಳು," ಎಂದರು.

ಅವಳು ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅವಳ ಜಾಗದಲ್ಲಿ ನಾನಿದ್ದರೆ ಆಗಲ್ಲವೆಂದು ಕೂತುಬಿಡುತ್ತಿದ್ದೆ. ಅವಳು ಆಡಿನ ಚಿತ್ರದ ಕಡೆ ತಿರುಗಿದಳು. ಆಮೇಲೆ ಶುರುಮಾಡಿದಳು.

"ಒಡತಿಗೆ ಉಳಿದ ಮರಿಯ ಮೇಲೆ ಪೂರ್ತಿ ಹಕ್ಕು ಇರಬಹುದು. ಇರಬೇಕಾದರೆ ಸಾಕಿದವಳು ತನ್ನ ಕೆಲಸ ಸರಿಯಾಗಿ ಮಾಡದೆ ಇದ್ದಿರಬೇಕು. ಅವಳ ಕೆಲಸ ಏನು? ಕಾಯುವುದು. ಒಡತಿ ಆಡು ಕೊಟ್ಟಳು, ಸಾಕಿದವಳು ಕಣ್ಣು ಕೊಡಬೇಕಿತ್ತು. ನಾಯಿ ಬಂದಾಗ ಅವಳು ಎಲ್ಲಿದ್ದಳು?"

ತಾಯಮ್ಮ ಹತ್ತಿ ಬಿಡಿಸಲು ಹೋಗಿದ್ದರು. ಅದು ನನಗೆ ಗೊತ್ತಿತ್ತು, ಹೇಳುತ್ತಿದ್ದವಳಿಗೂ ಗೊತ್ತಿತ್ತು. ಆದರೂ ರೇಣುಕಾ ನಿಲ್ಲಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದಳು. ಆಡು ಕೊಡುವಾಗಲೇ ಒಡತಿಗೆ ಈಕೆ ಕೂಲಿಗೆ ಹೋಗುವವಳೆಂದು ಗೊತ್ತಿತ್ತೇ? ಗೊತ್ತಿದ್ದರೆ ಇಡೀ ದಿನ ಕಾಯಬೇಕೆಂದು ಹೇಗೆ ನಿರೀಕ್ಷಿಸಿದಳು? ಅಲ್ಲಿಗೆ ಒಡತಿಯ ವಾದ ಸಡಿಲವಾಗುತ್ತದೆ, ಆದರೂ ಸಾಯುವುದಿಲ್ಲ. ಕೊನೆಗೆ ತನ್ನ ತೀರ್ಮಾನ ಹೇಳಿದಳು: ಪಾಲು ಮಾಡುವ ಮೊದಲು ಸತ್ತದ್ದು ಯಾರೊಬ್ಬರ ಮರಿಯೂ ಅಲ್ಲ, ಇಬ್ಬರದೂ ಹೌದು. ಹಾಗಾಗಿ ಉಳಿದದ್ದೂ ಇಬ್ಬರದು. ಅಷ್ಟು ಹೇಳಿ ಸುಣ್ಣದ ಕಡ್ಡಿಯನ್ನು ಕೆಳಗಿಟ್ಟಳು.

ಲೂಕಾಸ್ ಒಪ್ಪಲಿಲ್ಲ. ಒಡತಿಯೇ ಸರಿ ಎಂದು ಅವನು ಕೊನೆಯವರೆಗೂ ಹೇಳಿದ. ಎರಡೂ ನಿಲ್ಲುತ್ತವೆ ಎಂದರು ಯುಟ್ಟಾ. ಬರುವ ವರ್ಷದ ಮಕ್ಕಳಿಗೆ ಈ ಆಡನ್ನೇ ಕೊಡುತ್ತೇನೆ ಎಂದೂ ಹೇಳಿದರು. ಆಗ ಮೇಜುಗಳು ಬಡಿಯತೊಡಗಿದವು. ಈ ಸಲ ನಾನು ಓಡಲಿಲ್ಲ. ಎರಡೂ ಕೈಯಿಂದ ನಾನೂ ಬಡಿದೆ, ಅಂಗೈ ಉರಿಯುವವರೆಗೆ. ನನ್ನ ಕಲಿಸುವ ಬದುಕಿನಲ್ಲಿ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ಶಾಲೆಯ ಕೆಲಸದ ಮಾತನ್ನು ಮಾತ್ರ ಅವಳು ಎತ್ತಲಿಲ್ಲ, ಕೇಳಲು ನನಗೂ ಧೈರ್ಯ ಬರಲಿಲ್ಲ.

ಮಸರಕಲ್

ಮರಳಿ ಬಂದ ವಾರ ರೇಣುಕಾಳ ಮನೆಗೆ ಊಟಕ್ಕೆ ಹೋದೆ. ಬಸ್ಸಿನಿಂದ ಇಳಿದರೆ ಬಿಸಿಲು ನೆತ್ತಿಗೆ ಬಡಿಯಿತು, ಮನೆಗೆ ಬಂದಂತಾಯಿತು. ಬುದ್ಧನ ಪಟದ ಕೆಳಗೆ ಚಾಪೆ ಹಾಸಿ ತಾಯಮ್ಮ ಎಣ್ಣೆಗಾಯಿ ಬಡಿಸಿದರು. ಮಗಳು ಆಡಿನ ಕೇಸು ಒಯ್ದಿದ್ದು ಅವರಿಗೆ ಫೋನಿನಲ್ಲೇ ಗೊತ್ತಾಗಿತ್ತು.

"ಗೆದ್ಯೋ ಸೋತ್ಯೋ?" ಎಂದರು.

"ಗೆಲ್ಲೋದು ಸೋಲೋದು ಇಲ್ಲ ಯವ್ವಾ. ಎರಡೂ ಕಡಿ ಮಾತಾಡಬೇಕಿತ್ತು. ಖಾಸಿಂಬಿ ಕಡ್ಯಾಗಿಂದನೂ ಮಾತಾಡಿದೆ."

ತಾಯಮ್ಮ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಕೈ ತೆಗೆದರು. "ನಮ್ಮ ಉಪ್ಪು ತಿಂದು ಆಕಿ ಕಡ್ಯಾಗ ಮಾತಾಡಿದೇನ? ಅಷ್ಟು ದೂರ ಹೋಗಿ?" ನನ್ನ ಕಡೆ ತಿರುಗಿ, "ಇದನ್ನ ಕಲಸಾಕ ಕರಕೊಂಡು ಹೋಗಿದ್ರೇನ್ರಿ ಮೇಡಂ?" ಎಂದರು. ನಾನು ಬಾಯಿತುಂಬ ರೊಟ್ಟಿ ಇಟ್ಟುಕೊಂಡು ಉತ್ತರ ತಪ್ಪಿಸಿಕೊಂಡೆ.

ರೇಣುಕಾ ತಾಯಿಯ ಹತ್ತಿರ ಸರಿದು ಕೂತಳು. "ಆಕಿ ಯಾಕ ಹಂಗ ಅಂದ್ಲು ಅಂತ ನಾವು ಯಾವಾಗರೆ ಕೇಳೀವೇನಬೇ? ಅಲ್ಲಿ ನಾನು ಆಕಿ ಮಾತು ಆಡಾಕ ನಿಂತಾಗ, ಆಕಿ ಏನಂತಾಳ ಅಂಬೋದೇ ನನಗ ಗೊತ್ತಿರಲಿಲ್ಲ. ಎಲ್ಲಾ ನಾನೇ ಕಟ್ಟಿ ಹೇಳಿದೆ."

"ಕೇಳೋದೇನದ? ಆಕಿ ದೊಡ್ಡಾಕಿ, ಹೊಡಕೊಂಡು ಹೋದ್ಲು."

"ನಾಳೆ ಮಾನ್ವಿಗೆ ಹೋಗಿ ಕೇಳಿ ಬರತೀನಿ," ಎಂದಳು ರೇಣುಕಾ. ತಾಯಮ್ಮ ಹೋಗು ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಮಾನ್ವಿ

ಜರ್ಮನಿಯ ಪದ್ಧತಿಯನ್ನು ಇಷ್ಟು ಹೊಗಳಿದ ಮೇಲೆ ಒಂದು ಮಾತು ಹೇಳಬೇಕು. ಅಲ್ಲಿ ಸಂಗತಿ ಅಚ್ಚಾಗಿ ಮೇಜಿನ ಮೇಲೆ ಬರುತ್ತದೆ. ನಾಯಿ ಕೊಂದಿತು ಎಂದಿದ್ದರೆ ಕೊಂದಿತು, ಮುಗಿಯಿತು. ನಮ್ಮಲ್ಲಿ ಸಂಗತಿಯನ್ನು ಮನೆಮನೆಗೆ ಹೋಗಿ ಬಾಯಿಂದ ಬಿಡಿಸಬೇಕು. ಹತ್ತಿ ಬಿಡಿಸಿದ ಹಾಗೆ, ಬೆರಳಿಗೆ ಮುಳ್ಳು ಚುಚ್ಚುತ್ತದೆ.

ಮರುದಿನ ರೇಣುಕಾಳ ಜೊತೆ ನಾನೂ ಹೋದೆ. ಖಾಸಿಂಬಿಯ ಮನೆ ಸಂತೆಯ ಬಯಲಿನ ಪಕ್ಕದ ಗಲ್ಲಿಯಲ್ಲಿ. ಮಗಂದಿರು ಆಡು ಕುರಿ ವ್ಯಾಪಾರ ಮಾಡುತ್ತಾರೆ. ಮುದುಕಿ ಹೊರಸಿನ ಮೇಲೆ ಕೂತಿದ್ದಳು. ನಾನು ಮಾನ್ವಿಯವಳೆಂದು ಗೊತ್ತಾಗಿ, "ಆವೋ, ಬೈಠೋ," ಎಂದು ಕೂರಿಸಿ, ಸೊಸೆಗೆ ಚಹಾ ಹೇಳಿದಳು. ರೇಣುಕಾ ತಾನು ಮಸರಕಲ್ ತಾಯಮ್ಮನ ಮಗಳೆಂದಾಗ ಅವಳ ಮುಖ ಬಿಗಿಯಿತು.

"ಜಗಳಾ ಮಾಡಾಕ ಬಂದೀಯೇನವಾ?"

"ಇಲ್ಲ ಅಮ್ಮಾ. ಅವತ್ತು ನೀವು ಸತ್ತಿದ್ದು ನಿಂದು ಅಂದ್ರಿ. ಯಾಕ ಹಂಗ ಅಂದ್ರಿ ಅಂತ ಕೇಳಾಕ ಬಂದೀನಿ. ನೀವು ಹೇಳೋದು ಪೂರಾ ಕೇಳತೀನಿ, ನಡುವ ಬಾಯಿ ಹಾಕಂಗಿಲ್ಲ."

ಮುದುಕಿ ಹೇಳಿದಳು: "ನಾಯಿ ಎಲ್ಲಿ ಬಂತು ಬೇಟಿ? ನಿಮ್ಮವ್ವ ಮರಿ ಮಾರಿದ್ಲು. ಕವಿತಾಳ ಸಂತ್ಯಾಗ ನಿಮ್ಮವ್ವನ ಕೈಯಾಗ ಮರಿ ಇತ್ತು ಅಂತ ನಮ್ಮ ಹುಡುಗನ ಗೆಳ್ಯಾ ಬಂದು ಹೇಳಿದ. ಸುಳ್ಳು ಹೇಳಿದಾಕಿಗೆ ನಾ ಯಾಕ ಪಾಲು ಕೊಡಲಿ?"

ಲೂಕಾಸ್ ಕೇಳಿದ್ದೇ ಇದು. ಅಲ್ಲಿ ಮುಖ ಕೆಂಪಗೆ ಮಾಡಿಕೊಂಡಿದ್ದ ಹುಡುಗಿ ಇಲ್ಲಿ ಸುಮ್ಮನೆ ಕೂತಿದ್ದಳು. ಮಾತು ಪೂರ್ತಿ ಮುಗಿಯಲು ಬಿಟ್ಟು ಕೇಳಿದಳು: "ಯಾವ ಬಣ್ಣದ ಮರಿ ನೋಡಿದ್ನಂತ?"

"ಕರೇದು. ಎರಡೂ ಮರಿ ಕರೇವೇ ಅನಕೊಂಡಿದ್ದೆ."

"ನಾಯಿ ಕೊಂದಿದ್ದು ಕಂದು ಮರಿ. ಕರೇ ಮರಿ ನೀವು ಹೊಡಕೊಂಡು ಬಂದದ್ದು. ನಾಯಿ ಅದನ್ನೂ ಕಚ್ಚಿತ್ತು. ನಾನೂ ನಮ್ಮವ್ವನೂ ಅದನ್ನ ಎತಗೊಂಡು ಕವಿತಾಳ ದನದ ದವಾಖಾನಿಗೆ ಹೋಗಿದ್ವಿ. ಸಂತಿ ದಿನ ಇತ್ತು. ನೀವು ತಂದಾಗ ಅದರ ಕಾಲಿಗೆ ಗಾಯ ಇತ್ತಿಲ್ಲೇನು?"

ಮುದುಕಿ ಸೊಸೆಯ ಕಡೆ ನೋಡಿದಳು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು. ಬಾಗಿಲಲ್ಲಿ ಚಹಾ ಹಿಡಿದು ನಿಂತ ಸೊಸೆ, "ಹೌ ಅಮ್ಮಾ, ಹಿಂದಿನ ಕಾಲು. ಗಾಯಕ್ಕ ಅರಿಷಿಣ ನಾನೇ ಹಚ್ಚತಿದ್ದೆ," ಎಂದಳು.

"ಯಾ ಅಲ್ಲಾ," ಎಂದಳು ಖಾಸಿಂಬಿ, ಬಹಳ ಮೆಲ್ಲಗೆ. ತಾಯಮ್ಮ ಹೇಗಿದ್ದಾಳೆ, ಮೊಣಕಾಲು ನೋವು ಇನ್ನೂ ಇದೆಯೇ ಎಂದು ಕೇಳಿದಳು. ತಾನೇ ಮಸರಕಲ್‌ಗೆ ಬರುವುದಾಗಿ ಹೇಳಿದಳು. ಆಮೇಲೆ ರೇಣುಕಾಳ ಕೈ ಹಿಡಿದುಕೊಂಡು, "ನಿಮ್ಮವ್ವನ ಪರ ಬಂದೀದಿ ಅನಕೊಂಡಿದ್ದೆ, ನನ್ನ ಮಾತೂ ಕೇಳಿದಿ. ನೀ ಯಾರ ವಕೀಲ ಬೇಟಿ?" ಎಂದಳು.

ರೇಣುಕಾ ನನ್ನ ಕಡೆ ನೋಡಲಿಲ್ಲ.

"ಇನ್ನೂ ಯಾರ ವಕೀಲಳೂ ಅಲ್ರಿ ಅಮ್ಮಾ. ಇನ್ನೊಂದು ವರ್ಷ ಓದೋದು ಅದ," ಎಂದಳು.

ನಾನು ಚಹಾದ ಬಟ್ಟಲನ್ನು ಮುಖಕ್ಕೆ ಅಡ್ಡ ಹಿಡಿದೆ. ಮೇಡಂ ಅಳುವುದನ್ನು ವಿದ್ಯಾರ್ಥಿಗಳು ನೋಡಬಾರದು.